ಹಂಡೆ ಬಾರಿಸಿ ಕರೆದ ಊರು

ಮೊನ್ನೆ ದಾಂಡೇಲಿಯ ಗುಜರಿ ಅಂಗಡಿಗೆ ಹಳೆಯ ಪತ್ರಿಕೆಗಳನ್ನು ಕೊಡಲು ಹೋಗಿದ್ದೆ. ಅಲ್ಲೊಂದು ತಾಮ್ರದ ಹಂಡೆ ಬೋರಲು ಬಿದ್ದಿತ್ತು. ನನ್ನ ಕೊಡೆಯ ತುದಿ ತಗಲಿ ಅದು ಢಣ್ ಎಂದಿತು. ನೀವು ಜೊತೆಗಿದ್ದಿದ್ದರೆ, ಹಂಡೆ ಅಂದಮೇಲೆ ಢಣ್ ಅನ್ನದೆ ಇನ್ನೇನು ಅಂದೀತು ಎಂದು ನನ್ನನ್ನು ಮುಂದಕ್ಕೆ ಎಳೆದೊಯ್ಯುತ್ತಿದ್ದಿರಿ. ಜೊತೆಗೆ ಯಾರೂ ಇರಲಿಲ್ಲ, ಆದ್ದರಿಂದ ನಿಂತೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಇದೇ ಊರಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದೆ. ನಟ್ಟು, ಬೋಲ್ಟು, ಬೇರಿಂಗುಗಳ ಮೇಲೆ ನನ್ನದು ಏಕಚಕ್ರಾಧಿಪತ್ಯ. ಊಟ ಖಾನಾವಳಿಯಲ್ಲಿ. ಹುಟ್ಟೂರು ಕುಂಬೆಪಾಲಿ ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಎಂದೋ ಮುಳುಗಿ, ಊರವರು ಗೋವಾ ಗಡಿಯ ರಾಮನಗರದ ಕಡೆಗೊಬ್ಬರು, ಹಳಿಯಾಳದ ಕಡೆಗೊಬ್ಬರು ಚದುರಿದ್ದರು. ನನ್ನ ಮದುವೆಯ ಬಗ್ಗೆ ಹಿರಿಯರಿಗಿದ್ದ ಉತ್ಸಾಹವೂ ಊರಿನೊಡನೆಯೇ ಮುಳುಗಿತೆಂದು ಕಾಣುತ್ತದೆ. ಮುಂದೆ ಯಾರೂ ಆ ಮಾತೆತ್ತಲಿಲ್ಲ. ಯಾವೂರು ಎಂದು ಕೇಳಿದವರಿಗೆ "ಇಲ್ಲೇ, ಜೋಯಿಡಾ ಕಡೆ" ಎನ್ನುತ್ತಿದ್ದೆ. ನೀರನ್ನು ತೋರಿಸಿ ಊರು ಎನ್ನಲಾದೀತೇ?

ಖಾನಾವಳಿಯಲ್ಲಿ ಒಂಟಿಯಾಗಿ ಉಣ್ಣುವವನು ಇನ್ನೊಬ್ಬನಿದ್ದ. ಹೊಸ ಯಂತ್ರ ಕೂಡಿಸಲು ಬಂದಿದ್ದ ಮೆಕ್ಸಿಕೋ ದೇಶದ ಫಿಟ್ಟರ್, ರಾಮೋನ್. ಅವನ ಇಂಗ್ಲಿಷೂ ನನ್ನದೂ ಸಮಾನವಾಗಿ ಬಡವಾಗಿದ್ದುದರಿಂದ ನಮ್ಮ ನಡುವೆ ಭಿನ್ನಾಭಿಪ್ರಾಯಕ್ಕೆ ಆಸ್ಪದವಿರಲಿಲ್ಲ. ಸೆಪ್ಟೆಂಬರಿನ ಒಂದು ದಿನ ರೊಟ್ಟಿ ಮುರಿಯುತ್ತ ಹೇಳಿದ: ನಾಳೆ ಅವರ ಸ್ವಾತಂತ್ರ್ಯದ ಹಬ್ಬ. ಒಬ್ಬನು ಗಂಟೆ ಬಾರಿಸಿ, ದೇಶದ ಹೆಸರು ಹಿಡಿದು 'ವೀವಾ' ಎಂದು ಕೂಗಬೇಕು. ನೆರೆದವರೆಲ್ಲ 'ವೀವಾ' ಎಂದು ಓಗೊಡಬೇಕು. ಬಾಳಲಿ ಎಂದರ್ಥ. ಕೂಗುವುದನ್ನು ಒಬ್ಬನೇ ಮಾಡಬಹುದು, ಓಗೊಡುವುದು ಒಬ್ಬನಿಂದಾಗುವ ಕೆಲಸವಲ್ಲ, ಎಂದ. ಹೋದ ವರ್ಷ ಇನ್ನಾವುದೋ ದೇಶದ ಲಾಡ್ಜಿನ ಕೋಣೆಯಲ್ಲಿ ಕೂಗಿ, ಗೋಡೆ ನೋಡುತ್ತ ಕೂತಿದ್ದನಂತೆ.

ಗಂಟೆ, ಜನ, ಹಬ್ಬಕ್ಕೆ ತಕ್ಕ ಪಾನೀಯ, ಮೂರೂ ಒಂದೆಡೆ ಬೇಕು. ದೇವಸ್ಥಾನದಲ್ಲಿ ಮೊದಲೆರಡಿದ್ದವು, ಬಾರಿನಲ್ಲಿ ಕೊನೆಯೆರಡು. ದೀರ್ಘಾಲೋಚನೆಯ ನಂತರ ನಾನು ರಾಮನಗರದಾಚೆ ಇನಾಸನೆಂಬವನು ಗೇರುಹಣ್ಣಿನ ಸಾರಾಯಿ ಇಳಿಸುತ್ತಿದ್ದ ಭಟ್ಟಿಯನ್ನು ಸೂಚಿಸಿದೆ. ಅದರ ವಿಷಯ ಸರ್ಕಾರಕ್ಕೆ ಗೊತ್ತಿರಲಿಲ್ಲ; ಸರ್ಕಾರದವರಿಗೆಲ್ಲ ಗೊತ್ತಿತ್ತು.

ಅವರ ದೇಶದಲ್ಲಿ ಈ ಕೂಗು ರಾತ್ರಿಯದಂತೆ. ಕೊನೆಯ ಬಸ್ಸಿನ ಸಲುವಾಗಿ ನಾವದನ್ನು ಇಳಿಹೊತ್ತಿಗೆ ತಂದುಕೊಂಡೆವು. ಗೇರುಹಣ್ಣಿನ ಕಾಲ ಮುಗಿದು ಭಟ್ಟಿಯ ಒಲೆ ತಣ್ಣಗಿತ್ತು. ತಾಮ್ರದ ಹಂಡೆ ಬೋರಲಾಗಿ ಮಲಗಿತ್ತು. ಬೇಸಿಗೆಯಲ್ಲಿ ಇಳಿಸಿಟ್ಟದ್ದನ್ನು ಕುಡಿಯುತ್ತ ಹಳಿಯಾಳ ಕಡೆಯ ಕೆಲವು ಲಾರಿ ಡ್ರೈವರುಗಳು ಮಳೆ ನೋಡುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿಯ ರಾಮೋನ್ ಗ್ಲಾಸು ಮುಟ್ಟದೆ, ಸೌಟಿನಿಂದ ಹಂಡೆ ಬಾರಿಸಿ, ಎದೆ ಸೆಟೆಸಿ ಕೂಗಿದ.

ಯಾರೂ ತುಟಿ ಬಿಚ್ಚಲಿಲ್ಲ. ಓಗೊಡಲೆಂದೇ ಬಂದಿದ್ದ ನನ್ನ ಗಂಟಲಂತೂ, ಶಾಲೆಯಲ್ಲಿ ಹಾಜರಿ ಕರೆದಾಗಲೇ ಹೊರಡದೆ ಕೈಯೆತ್ತಿಸುತ್ತಿದ್ದ ಗಂಟಲು. ರಾಮೋನನ ಸೌಟು ಮೆಲ್ಲಗೆ ಕೆಳಗಿಳಿಯಿತು.

"ಏನಾತ್ರಿ ಇವಂಗ?" ಅವರಲ್ಲೊಬ್ಬ, ಬಸಪ್ಪ, ನನ್ನನ್ನು ಕೇಳಿದ.

"ತಮ್ಮ ದೇಶಕ್ಕ ಜೈ ಅನ್ನಾಕತ್ಯಾನ. ನಾವೂ ತಿರುಗಿ ವೀವಾ ಅನಬೇಕಂತ."

"ಇಷ್ಟ ಏನ್ರಿ? ಮೊದಲ ಹೇಳಬಾರದೇನ್ರಿ. ನಾ ಹೊಟ್ಟಿ ಕಡದೈತಿ ಅಂತ ಮಾಡಿದ್ನಿ. ಒದರಪಾ ತಮ್ಮಾ, ಇನ್ನೊಮ್ಮೆ."

ರಾಮೋನ್ ಒದರಿದ. ತಗಡಿನ ಮಾಡು ಹಾರುವಂತೆ ಉತ್ತರ ಬಂತು. ಅವನ ಮುಖವನ್ನು ನೀವು ನೋಡಬೇಕಿತ್ತು. ತನ್ನ ನಾಡಿನ ವೀರರ ಹೆಸರುಗಳನ್ನು ಒಂದೊಂದಾಗಿ ಹಿಡಿದ. ಆ ಪುಣ್ಯಾತ್ಮರು ಯಾರೆಂದು ವಿಚಾರಿಸದೆ ಹಳಿಯಾಳ ತಾಲೂಕು ಅವರಿಗೆಲ್ಲ ದೀರ್ಘಾಯುಷ್ಯ ಕೋರಿತು. ಇನಾಸ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ತಾನೂ ದನಿಗೂಡಿಸಿದ. ಬಸಪ್ಪ ಹಳಿಯಾಳಕ್ಕೂ ಒಂದು ಕೂಗಿಸಿ, ನನ್ನತ್ತ ತಿರುಗಿದ.

"ಸಾಹೇಬ್ರ, ನಿಮ್ಮೂರಿಗೂ ಒಂದು ಆಗಲಿ. ಯಾವೂರ್ರಿ?"

"ಇಲ್ಲೇ, ಜೋಯಿಡಾ ಕಡೆ."

"'ಕಡೆ'ಗೆ ಹೆಂಗ ಜೈ ಅನ್ನೂದ್ರಿ? ಹೆಸರ ಹೇಳ್ರಿ."

"ಕುಂಬೆಪಾಲಿ. ಈಗಿಲ್ಲ ಅದು. ನೀರಾಗ ಹೋತು."

ಬಸಪ್ಪ ಗ್ಲಾಸು ಕೆಳಗಿಟ್ಟ. "ಹಂಗಾರ ಜೋರ ಒದರಬೇಕಾತು. ನೀರಾಗ ಕೇಳಬೇಕಲ್ರಿ," ಎಂದ.

ರಾಮೋನನಿಗೆ ಏನು ತಿಳಿಯಿತೋ, ಸೌಟನ್ನು ನನ್ನ ಕೈಗಿಟ್ಟ. ಬಾರಿಸಿದೆ. ನನ್ನೂರಿನ ಹೆಸರನ್ನು ಅಷ್ಟು ಎತ್ತರದ ದನಿಯಲ್ಲಿ ನಾನೇ ಕೇಳಿರಲಿಲ್ಲ. ಎಲ್ಲರೂ ಓಗೊಟ್ಟರು. ಮುಳುಗಿದ ಮೇಲೆ ಆ ಹೆಸರಿಗೆ ಯಾರಾದರೂ ಓಗೊಟ್ಟದ್ದು ಅದೊಂದೇ ಸಲ. ಕೊನೆಯ ಬಸ್ಸಿನಲ್ಲಿ ನಾವಿಬ್ಬರೂ ದಾಂಡೇಲಿಗೆ ಮರಳಿದೆವು.

ಯಂತ್ರ ತಿರುಗತೊಡಗಿತು, ರಾಮೋನ್ ಹೋದ. ಇನಾಸನ ಭಟ್ಟಿಯ ವಿಷಯ ಸರ್ಕಾರಕ್ಕೂ ತಿಳಿದು ಅದು ಮುಚ್ಚಿತು. ನಾನು ಮತ್ತೆ ಜೋಯಿಡಾ ಕಡೆಯವನಾದೆ. ಹಾಗೆಯೇ ನಿವೃತ್ತನೂ ಆದೆ.

ಗುಜರಿ ಅಂಗಡಿಯಲ್ಲಿ ಕೊಡೆಯನ್ನು ತಿರುಗಿಸಿ ಹಿಡಿದು, ಈ ಸಲ ಬೇಕೆಂದೇ ಹಂಡೆಗೊಂದು ಬಾರಿಸಿದೆ. ಸಣ್ಣ ದನಿಯಲ್ಲಿ "ವೀವಾ ಕುಂಬೆಪಾಲಿ" ಎಂದೆ. ಅಂಗಡಿಯವನು ತಕ್ಕಡಿಯಿಂದ ಕಣ್ಣೆತ್ತಿದ.

"ಯಾರನ್ನ ಕರದ್ರಿ?"

ಏನಿಲ್ಲ ಎಂದುಬಿಡಬಹುದಿತ್ತು.

"ನಮ್ಮೂರನ್ನ," ಎಂದೆ.

ಅವನು ನನ್ನನ್ನೊಮ್ಮೆ, ಹಂಡೆಯನ್ನೊಮ್ಮೆ ನೋಡಿ, ಮತ್ತೆ ಪತ್ರಿಕೆಗಳನ್ನು ತೂಗಲು ಕೂತ.

"ಬರಲಿಲ್ಲೇನ್ರಿ? ಸಣ್ಣಗ ಕರದ್ರಿ ನೀವು. ಇನ್ನೊಮ್ಮೆ ಬಾರಸ್ರಿ."

ಬಾರಿಸಿದೆ. ರಸ್ತೆಯಲ್ಲಿ ಹೋಗುವವರು ನಿಂತು ನೋಡುವಷ್ಟು ಜೋರಾಗಿ ಕೂಗಿದೆ.