ಹೋದ ತಕ್ಷಣ ಒರೆಸಬಾರದು

ಚಿಂತಾಮಣಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಾಗ, ಸ್ವಚ್ಛತೆಯ ಹೆಂಗಸರಿಗೆ ಕೆಲಸ ಕಲಿಸುವುದೂ ನನ್ನ ಪಾಲಿಗೆ ಬಂದಿತ್ತು. ಅವರಲ್ಲೆಲ್ಲ ಮುನಿಯಮ್ಮ ಚುರುಕು. ಆದರೆ ರೋಗಿ ಮನೆಗೆ ಹೊರಟರೆ ಆ ಮಂಚವನ್ನು ಅರ್ಧ ಗಂಟೆ ಮುಟ್ಟುತ್ತಿರಲಿಲ್ಲ.

ಒಂದು ದಿನ ಕೆಂಚಾರ್ಲಹಳ್ಳಿಯ ಹೆಂಗಸೊಬ್ಬಳು ಕಾಲಿನ ಕೀವು ಕಡಿಮೆಯಾಗಿ ಮನೆಗೆ ಹೊರಟಳು. ಅದೇ ಮಂಚಕ್ಕೆ ಬರಬೇಕಾದವಳು ಆಗಷ್ಟೇ ಹೊಟ್ಟೆಯ ಆಪರೇಷನ್ ಮುಗಿಸಿಕೊಂಡು, ಬಾಗಿಲ ಬಳಿ ಸ್ಟ್ರೆಚರ್ ಮೇಲೆ ನರಳುತ್ತಿದ್ದಳು. ಅವಳ ಹಸಿ ಗಾಯಕ್ಕೆ ಆ ಕೀವಿನ ಸೋಂಕು ತಗುಲಿದರೆ ಉಳಿಯುವುದೇ ಕಷ್ಟ.

"ಬೇಗ ಒರೆಸು ಮುನಿಯಮ್ಮ," ಎಂದೆ.

"ಸ್ವಲ್ಪ ತಡೀರಿ ಸಿಸ್ಟರಮ್ಮ. ಹೋದ ತಕ್ಷಣ ಗುಡಿಸಿ ಒರೆಸೋದು ಹೆಣ ಎತ್ತಿದ ಮನೇಲಿ. ಆಯಮ್ಮ ಬಸ್ಸಾದ್ರೂ ಹತ್ತಲಿ."

"ಹೋದೋರು ವಾಪಸ್ ಬರದಿದ್ರೇನೇ ಆಸ್ಪತ್ರೆಗೆ ಒಳ್ಳೇದಲ್ವಾ?"

"ಇಲ್ಲಿಗೆ ಬರೋದು ಬೇಡಮ್ಮ. ಮನೆ ಸೇರಬೇಕಲ್ಲ," ಅಂದಳು. ನಗಲಿಲ್ಲ.

"ದೋಷ ನನಗಿರಲಿ," ಎಂದು ಗ್ಲೌಸ್ ಹಾಕಿ, ಔಷಧದ ನೀರಿನಲ್ಲಿ ಬಟ್ಟೆ ಅದ್ದಿ ಮಂಚದ ಕಾಲು ಒರೆಸತೊಡಗಿದೆ. ನೋಡುತ್ತ ನಿಂತಿದ್ದ ಮುನಿಯಮ್ಮ ತಾನೂ ಗ್ಲೌಸ್ ಹಾಕಿಕೊಂಡು ಹೊಸ ಬಟ್ಟೆ ತೆಗೆದುಕೊಂಡಳು.

"ಮೇಲಿಂದ ಕೆಳಕ್ಕೆ ಅಂತ ಕಲಿಸಿದ್ದು ನೀವೇ. ಕೆಳಗಿನ ಕೊಳೆ ಮೇಲಕ್ಕೆ ಹಚ್ತಿದೀರ. ಬನ್ನಿ ಈಚೆ."

ಒಂದು ಮೂಲೆಯನ್ನೂ ಬಿಡದೆ ಒರೆಸಿದಳು. ತುಟಿ ಮಾತ್ರ ಏನನ್ನೋ ಬೇಡಿಕೊಳ್ಳುತ್ತಿತ್ತು.

ನಾನು ದೂರದ ನನ್ನೂರು ವಿಜಯಪುರ ಬಿಟ್ಟು ಈ ಕಡೆ ಹೊರಟ ದಿನ ನಮ್ಮವ್ವ ಸಂಜೆಯವರೆಗೂ ಕಸಬರಿಗೆ ಮುಟ್ಟಿರಲಿಲ್ಲವಂತೆ. ಆದರೂ ನಾನು ಆ ಮನೆಗೆ ಮರಳಲಿಲ್ಲ, ಇಲ್ಲೇ ಮುದುಕಿಯಾದೆ. ಮುನಿಯಮ್ಮನಿಗೆ ಇದನ್ನು ಹೇಳುವ ಧೈರ್ಯ ಮಾತ್ರ ಇವತ್ತಿಗೂ ಬಂದಿಲ್ಲ.