ನೊಯೆಮಿಗೆ ಬಂದ ಸೀಟು

ನೊಯೆಮಿ ಬರಗಾನ್ ಕಾಗದದ ಮೇಲೆ ಬರೆದದ್ದನ್ನು ನಂಬುವವಳಲ್ಲ. ನಾವಿಬ್ಬರೂ ಹೆದ್ದಾರಿ ಪಕ್ಕದ ವೃದ್ಧರ ಆರೈಕೆ ಕೇಂದ್ರದಲ್ಲಿ ಆಯಾಗಳು, ಒಂಬತ್ತು ವರ್ಷದಿಂದ ಒಂದೇ ಪಾಳಿ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಬದಲಿಸಿದ್ದೇವೆ ಎಂದು ಹಿಂದಿನ ಪಾಳಿಯವರು ಬರೆದು ಸಹಿ ಹಾಕಿ ಹೋಗಿರುತ್ತಾರೆ. ನಾವೆಲ್ಲ ಸಹಿ ನೋಡಿ ಸುಮ್ಮನಾಗುತ್ತೇವೆ. ಅವಳು ಮಾತ್ರ ಹೊದಿಕೆ ಎತ್ತಿ ಹಿಮ್ಮಡಿ ಒತ್ತಿ ನೋಡುತ್ತಾಳೆ. ಒತ್ತಿದರೂ ಚರ್ಮದ ಕೆಂಪು ಮಾಸದಿದ್ದರೆ, "ಇವರನ್ನ ಬೆಳಗ್ಗೆಯಿಂದ ಯಾರೂ ಮುಟ್ಟೇ ಇಲ್ಲ ಕೊಮಾದ್ರೆ" ಎನ್ನುತ್ತಾಳೆ.

ಅವಳ ಮಗಳಿಗೆ ಚರ್ಚಿನಲ್ಲಿ ಹೆಸರಿಡುವಾಗ ಧರ್ಮತಾಯಿಯಾಗಿ ಮಗುವನ್ನು ಎತ್ತಿಕೊಂಡಿದ್ದವಳು ನಾನು, ಓರಾಲಿಯಾ. ಆವತ್ತಿನಿಂದ ನಾವು ಒಬ್ಬರಿಗೊಬ್ಬರು ಕೊಮಾದ್ರೆ. ನಮ್ಮಲ್ಲಿ ಅದು ರಕ್ತಸಂಬಂಧಕ್ಕಿಂತ ಒಂದು ಗುಂಜಿ ಹೆಚ್ಚೇ ತೂಗುತ್ತದೆ.

ನೊಯೆಮಿಗೆ ಇದ್ದದ್ದು ಒಂದೇ ಆಸೆ, ನರ್ಸ್ ಆಗಬೇಕು. ಹದಿನೇಳಕ್ಕೆ ಪೀಚ್ ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತವಳು, ಇಪ್ಪತ್ತೆರಡಕ್ಕೆ ಆಯಾ ಆದಳು. ಒಮ್ಮೆ ಹನ್ನೊಂದನೇ ಕೋಣೆಯ ಮುದುಕರ ಉಸಿರಿನ ವಾಸನೆ ಬದಲಾಗಿದೆ ಎಂದು ನರ್ಸ್‌ಗೆ ಹೇಳಿದಳು. "ನಿನ್ನ ಕೆಲಸ ನೀನು ನೋಡ್ಕೋ" ಎಂಬ ಉತ್ತರ ಬಂತು. ಎರಡು ದಿನಕ್ಕೆ ಮುದುಕರು ಹೋದರು. ಆಯಾ ಹೇಳಿದ್ದಕ್ಕೆ ಬೆಲೆಯಿಲ್ಲ, ನರ್ಸ್ ಬರೆದದ್ದಕ್ಕೆ ಬೆಲೆ. ಅದೇ ಸಂಜೆ ಕಡಿಮೆ ಶುಲ್ಕದ ಸರ್ಕಾರಿ ಕಮ್ಯುನಿಟಿ ಕಾಲೇಜಿಗೆ ಹೋಗಿ ದೇಹರಚನೆಯ ತರಗತಿಗೆ ಹೆಸರು ಬರೆಸಿದಳು. ಪಾಳಿ ಮುಗಿಸಿ ಪಾಠ, ಪಾಠ ಮುಗಿಸಿ ಮಗಳಿಗೆ ಬೀನ್ಸ್, ಟೋರ್ಟಿಯಾ ರೊಟ್ಟಿ. ನರ್ಸಿಂಗ್‌ಗೆ ಅರ್ಜಿ ಹಾಕಲು ಬೇಕಾದ ವಿಷಯಗಳನ್ನು ಮುಗಿಸುವುದಕ್ಕೇ ನಾಲ್ಕು ವರ್ಷ ಹಿಡಿಯಿತು.

ಮುಗಿಸಿದ ಮೇಲೆ ಬಾಗಿಲು ತೆರೆದಿತ್ತೇ? ಅದೂ ಇಲ್ಲ. ಸೀಟು ನಲವತ್ತು, ಅರ್ಜಿ ಆರುನೂರು. ಆದ್ದರಿಂದ ಚೀಟಿ ಎತ್ತುತ್ತಾರೆ. ಎರಡು ವರ್ಷ ಅವಳ ಚೀಟಿ ಬರಲಿಲ್ಲ. ಮೂರನೇ ವರ್ಷ ಕಾಯುವವರ ಪಟ್ಟಿಯಲ್ಲಿ ಏಳನೆಯವಳಾದಳು. ತರಗತಿ ಶುರುವಾಗುವುದರೊಳಗೆ ಯಾರಾದರೂ ಬಿಟ್ಟರೆ ಫೋನ್ ಮಾಡುತ್ತೇವೆ, ಮರುದಿನ ಮಧ್ಯಾಹ್ನದೊಳಗೆ ಒಪ್ಪಿಗೆ ಹೇಳಬೇಕು ಎಂದರು.

ಆಗ ಕಣ್ಣಿಗೆ ಬಿದ್ದದ್ದು ಸಿಲ್ವರ್ ಲ್ಯಾಂಪ್. ಪಿಜ್ಜಾ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಗಾಜಿನ ಬಾಗಿಲು ಹಾಕಿಕೊಂಡು ಕೂತಿದ್ದ ಖಾಸಗಿ ಕಾಲೇಜು. ಚೀಟಿಯಿಲ್ಲ, ಕಾಯುವುದಿಲ್ಲ, ಹದಿನೆಂಟೇ ತಿಂಗಳು. ನನಗೆ ಇಂಥ ಕಾಲೇಜುಗಳ ಹೆಸರು ಕೇಳಿದರೇ ಮೈ ಉರಿಯುತ್ತದೆ. ನಾನು ಮೂವತ್ತರ ವಯಸ್ಸಿನಲ್ಲಿ ಇಂಥದ್ದೇ ಒಂದರಲ್ಲಿ ಡಾಕ್ಟರರ ಸಹಾಯಕಿಯ ಕೋರ್ಸು ಕಲಿತೆ. ಕೋರ್ಸು ಮುಗಿದ ವರ್ಷವೇ ಅವರು ಬಾಗಿಲಿಗೆ ಬೀಗ ಜಡಿದು ಹೋದರು. ಆ ಸರ್ಟಿಫಿಕೇಟನ್ನು ಯಾವ ಡಾಕ್ಟರೂ ತಿರುಗಿ ನೋಡಲಿಲ್ಲ, ಸಾಲ ಮಾತ್ರ ಹನ್ನೆರಡು ವರ್ಷ ನನ್ನ ಬೆನ್ನು ಬಿಡಲಿಲ್ಲ. ಕೈ ಸುಟ್ಟುಕೊಂಡವಳು ನಾನು, ಆದ್ದರಿಂದ ಅವಳ ಜೊತೆ ಹೊರಟೆ.

ಕೆಂಡ್ರಾ ಎಂಬ ಹುಡುಗಿ ನಮ್ಮನ್ನು ಸೋಫಾ ಮೇಲೆ ಕೂರಿಸಿ ಕಾಫಿ ಕೊಟ್ಟಳು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು.

"ಇವತ್ತು ಸಹಿ ಹಾಕಿದ್ರೆ ಸೋಮವಾರದಿಂದ ಕ್ಲಾಸು ಡಿಯರ್. ಸ್ಟೆತಸ್ಕೋಪ್ ನಮ್ಮ ಕಡೆಯಿಂದ ಉಡುಗೊರೆ."

"ಹೋದ ವರ್ಷ ನಿಮ್ಮಲ್ಲಿ ಕಲಿತೋರಲ್ಲಿ ಎಷ್ಟು ಜನ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ ಪಾಸಾದ್ರು?" ಎಂದು ನೊಯೆಮಿ ಕೇಳಿದಳು.

"ನಾವು ಕನಸುಗಳನ್ನ ಅಂಕಿಯಲ್ಲಿ ಅಳೆಯಲ್ಲ."

"ರೋಗಿಗಳ ಹತ್ರ ಕಲಿಯೋಕೆ ಯಾವ ಆಸ್ಪತ್ರೆಗೆ ಕಳಿಸ್ತೀರಾ?"

"ದೊಡ್ಡ ದೊಡ್ಡ ಆಸ್ಪತ್ರೆಗಳ ಜೊತೆ ಮಾತುಕತೆ ನಡೀತಿದೆ."

"ಅಂದ್ರೆ ಇನ್ನೂ ಯಾವುದೂ ಇಲ್ಲ" ಎಂದೆ ನಾನು. ಕೆಂಡ್ರಾ ನನ್ನನ್ನು ಕುರ್ಚಿಯ ಹಾಗೆ ನೋಡಿ ಮತ್ತೆ ನೊಯೆಮಿಯತ್ತ ನಕ್ಕಳು.

ಆಮೇಲೆ ಅಭ್ಯಾಸದ ಕೋಣೆ ತೋರಿಸಿದಳು. ಬಿಳಿ ಹಾಸಿಗೆ, ಅದರ ಮೇಲೆ ಗೊಂಬೆ ರೋಗಿ, ಪಕ್ಕದ ಮೇಜಿನ ಮೇಲೆ ಸೂಜಿ ಚುಚ್ಚಿ ಕಲಿಯುವ ರಬ್ಬರ್ ಕೈಗಳು. ನೊಯೆಮಿ ಒಂದನ್ನು ಎತ್ತಿಕೊಂಡು, ನಮ್ಮ ಮುದುಕರ ಹಿಮ್ಮಡಿ ನೋಡುವಂತೆಯೇ, ಮೊಣಕೈ ಮಡಚುವ ಜಾಗವನ್ನು ಹೆಬ್ಬೆರಳಿಂದ ಸವರಿದಳು. ಇನ್ನೊಂದನ್ನು ಎತ್ತಿದಳು. ಮೂರನೆಯದನ್ನೂ.

"ಈ ಕಾಲೇಜು ಶುರುವಾಗಿ ಎಷ್ಟು ವರ್ಷ ಆಯ್ತು?"

"ಮೂರು ವರ್ಷ ಡಿಯರ್."

ನೊಯೆಮಿ ರಬ್ಬರ್ ಕೈಯನ್ನು ಮೆಲ್ಲಗೆ ಕೆಳಗಿಟ್ಟಳು. ಹೊರಗೆ ಬಂದ ಮೇಲೆ ಹೇಳಿದಳು: "ಒಂದು ತೂತೂ ಇಲ್ಲ ಕೊಮಾದ್ರೆ. ಮೂರು ವರ್ಷದಲ್ಲಿ ಕಲಿಯೋಕೆ ಬಂದ ಒಬ್ಬರೂ ಅದಕ್ಕೆ ಸೂಜಿ ಚುಚ್ಚಿಲ್ಲ. ಯಾರ ಕಿವಿ ಮೇಲೆ ಹೂವಿಡ್ತಾರೆ ಇವರು?"

ಅಲ್ಲಿಂದ ನೇರ ಕಮ್ಯುನಿಟಿ ಕಾಲೇಜಿಗೆ ಕಾರು ತಿರುಗಿಸಿದಳು. ನರ್ಸಿಂಗ್ ಕಟ್ಟಡದ ಹಿಂಬಾಗಿಲು ತೆರೆದಿತ್ತು, ನುಗ್ಗಿದೆವು. ಅಲ್ಲಿನ ರಬ್ಬರ್ ಕೈ ಜರಡಿಯಾಗಿತ್ತು. ಸುತ್ತಲೂ ಪಟ್ಟಿ ಸುತ್ತಿದ್ದರು, ಆದರೂ ರಕ್ತದ ಬದಲು ತುಂಬಿದ ಕೆಂಪು ನೀರು ತೊಟ್ಟಿಕ್ಕಿ ಕೆಳಗಿನ ಬಕೆಟ್ಟಿಗೆ ಬೀಳುತ್ತಿತ್ತು. ಒಬ್ಬ ಮೇಷ್ಟರಮ್ಮ ಬಂದು, "ಯಾರ್ರೀ ನಿಮ್ಮನ್ನ ಒಳಗೆ ಬಿಟ್ಟಿದ್ದು? ನಡೀರಿ ಆಚೆ!" ಎಂದು ಗದರಿ ಓಡಿಸಿದರು.

ನೊಯೆಮಿಗೆ ಆ ಬೈಗುಳದಿಂದ ಎಂಥ ಸಂತೋಷ! "ಇಲ್ಲಿ ಯಾರೂ ಬನ್ನಿ ಕೂತ್ಕೊಳ್ಳಿ ಅನ್ನಲಿಲ್ಲ ನೋಡಿ, ಇದೇ ಸರಿಯಾದ ಜಾಗ. ಹತ್ತು ವರ್ಷ ಆದ್ರೂ ಸರಿ, ಇಲ್ಲೇ ಕಾಯ್ತೀನಿ."

ಆದರೆ ಒಂದು ತಪ್ಪು ಮಾಡಿದ್ದಳು. ಕಾಫಿ ಕುಡಿಯುವ ಮೊದಲು ಸಿಲ್ವರ್ ಲ್ಯಾಂಪಿನವರ ಪುಸ್ತಕದಲ್ಲಿ ತನ್ನ ಫೋನ್ ನಂಬರ್ ಬರೆದಿದ್ದಳು. ಮರುದಿನದಿಂದ ಕಾಟ ಶುರುವಾಯಿತು. ದಿನಕ್ಕೆ ಹತ್ತು, ಹದಿನೈದು ಕರೆ, ಒಂದೊಂದೂ ಒಂದೊಂದು ನಂಬರಿನಿಂದ. ಎಲ್ಲವೂ ನಮ್ಮೂರಿನ ನಂಬರಿನ ಹಾಗೇ ಕಾಣುತ್ತಿದ್ದವು. ಕೆಂಡ್ರಾ ಬಿಟ್ಟರೆ ಇನ್ನೊಬ್ಬಳು, ಅವಳು ಬಿಟ್ಟರೆ ಯಾರೋ ಗಂಡಸು. ಮೇಲ್ ಪೆಟ್ಟಿಗೆಯೂ ಅವರದೇ ಕಸದಿಂದ ತುಂಬಿ, ಬೇರೆ ಏನೂ ಕಾಣದಂತಾಯಿತು. ಎಲ್ಲರದೂ ಒಂದೇ ರಾಗ: ಒಂದು ಸೀಟು ಖಾಲಿಯಾಗಿದೆ, ನಾಳೆಯೊಳಗೆ ಹೇಳಿ.

"ಕೊಡು ಇಲ್ಲಿ" ಎಂದು ನಾನೇ ಫೋನ್ ಇಸಿದುಕೊಂಡೆ. ಊಟದ ಬಿಡುವಿನಲ್ಲಿ ಕೂತು ಒಂದೊಂದೇ ನಂಬರನ್ನು ಬ್ಲಾಕ್ ಮಾಡುವುದು ನನ್ನ ದಿನಚರಿಯಾಯಿತು. ಸುಳ್ಳೇಕೆ, ಅದರಲ್ಲಿ ನನಗೆ ಖುಷಿಯಿತ್ತು. ನನ್ನ ಹನ್ನೆರಡು ವರ್ಷದ ಸಿಟ್ಟನ್ನೆಲ್ಲ ಆ ಬೆರಳ ತುದಿಯಿಂದ ತೀರಿಸಿಕೊಳ್ಳುತ್ತಿದ್ದೆ. ನೊಯೆಮಿ ನಗುತ್ತಿದ್ದಳು: "ಪೊಲೀಸ್ನೋರಿಗಿಂತ ನೀವೇ ಜೋರು ಕೊಮಾದ್ರೆ."

ಆಗಸ್ಟಿನ ಒಂದು ಮಂಗಳವಾರ. ನೊಯೆಮಿ ಸ್ನಾನದ ಮನೆಯಲ್ಲಿ ಒಬ್ಬ ಅಜ್ಜಿಯನ್ನು ಮೀಯಿಸುತ್ತಿದ್ದಳು, ಕೈತುಂಬ ಸೋಪು. ಅವಳ ಫೋನ್ ನನ್ನ ಜೇಬಿನಲ್ಲಿತ್ತು. ಮತ್ತೊಂದು ಹೊಸ ನಂಬರಿನಿಂದ ಕರೆ ಬಂತು, ಎತ್ತಲಿಲ್ಲ. ಆಮೇಲೆ ಬಿಟ್ಟ ಸಂದೇಶ ಕೇಳಿದೆ. ಯಾರೋ ಹೆಂಗಸು: "ನರ್ಸಿಂಗ್ ಆಫೀಸಿಂದ ಮಾತಾಡ್ತಿದೀನಿ. ಒಂದು ಸೀಟು ಖಾಲಿಯಾಗಿದೆ, ನಾಳೆ ಮಧ್ಯಾಹ್ನದೊಳಗೆ ಹೇಳಿ." ನಡುವೆ ಒಮ್ಮೆ ಕೆಮ್ಮಿದಳು. ಗದ್ದಲದ ಕೋಣೆ, ದಣಿದ ದನಿ, ಡಿಯರ್ ಗಿಯರ್ ಏನೂ ಇಲ್ಲ. ಮಾರುವವರು ಹೀಗೆ ಕೆಮ್ಮುವುದಿಲ್ಲವಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಅನ್ನಿಸಿದ್ದು ನಿಜ. ಆದರೂ ಬೆರಳು ಅಭ್ಯಾಸದಂತೆ ಹೋಗಿ ಸಂದೇಶ ಅಳಿಸಿತು, ನಂಬರ್ ಬ್ಲಾಕ್ ಮಾಡಿತು. ಒಳಗಿನಿಂದ ನೊಯೆಮಿ ಕೂಗಿದಳು, "ಯಾರದು?"

"ಅವರೇ ಕಣೇ, ಮತ್ತಿನ್ಯಾರು" ಎಂದೆ. ಇಬ್ಬರೂ ಸೇರಿ ಅಜ್ಜಿಯನ್ನು ಎತ್ತಿ ಕುರ್ಚಿಗೆ ಕೂರಿಸಿದೆವು.

ಶುಕ್ರವಾರ ಅವಳು ತಾಳಲಾರದೆ ಪಟ್ಟಿ ಎಲ್ಲಿಗೆ ಬಂತೆಂದು ವಿಚಾರಿಸಲು ಕಾಲೇಜಿಗೆ ಹೋದಳು. ಕಾರು ನಾನು ಓಡಿಸಿದೆ. ಕಿಟಕಿಯ ಹಿಂದೆ ಕೂತಿದ್ದ ವಯಸ್ಸಾದ ಗುಮಾಸ್ತೆ ಕಂಪ್ಯೂಟರ್ ನೋಡಿ ಹುಬ್ಬು ಗಂಟಿಕ್ಕಿದರು.

"ಬರಗಾನ್? ನಿಮಗೆ ಮಂಗಳವಾರವೇ ಸೀಟು ಬಂದಿತ್ತಲ್ಲಮ್ಮ. ಫೋನ್ ಮಾಡಿದ್ವಿ, ಮೇಲ್ ಕಳಿಸಿದ್ವಿ. ಬುಧವಾರ ಬೆಳಗ್ಗೆ ಮತ್ತೆ ಮಾಡಿದ್ರೆ ಹೋಗ್ತಾನೇ ಇರಲಿಲ್ಲ. ಎಂಟನೆಯವರಿಗೆ ಕೊಟ್ಟಾಯ್ತು." ಮಾತಿನ ನಡುವೆ ಅವರು ಕೆಮ್ಮಿದರು.

ಮಂಗಳವಾರ ಕೇಳಿದ ಅದೇ ಕೆಮ್ಮು.

"ನಂಗೆ ಯಾರೂ ಫೋನ್ ಮಾಡ್ಲಿಲ್ಲ ಮೇಡಂ" ಎಂದಳು ನೊಯೆಮಿ. ಎರಡು ಸಲ ಅದನ್ನೇ ಹೇಳಿದಳು. ಅವರು ಪಾಪ, ಕಿಟಕಿಯಿಂದ ಕೈ ಚಾಚಿ ಅವಳ ಕೈ ಹಿಡಿದು, "ಈ ಪಟ್ಟಿ ಇಲ್ಲಿಗೆ ಮುಗೀತು. ಮುಂದಿನ ವರ್ಷ ಮತ್ತೆ ಚೀಟಿಗೆ ಹಾಕಿ" ಎಂದರು.

ಕಾರಿನಲ್ಲಿ ಕೂತ ಮೇಲೆ ಹೇಳಿಬಿಟ್ಟೆ. ಹೇಳದಿದ್ದರೆ ಅವಳಿಗೆ ಎಂದೂ ಗೊತ್ತಾಗುತ್ತಿರಲಿಲ್ಲವೇನೋ. ಆದರೆ ಅವಳ ಮಗಳನ್ನು ಎತ್ತಿಕೊಂಡ ಕೈ ನನ್ನದು. ಮಂಗಳವಾರದ ಕರೆ, ಸಂದೇಶ, ಕೆಮ್ಮು, ನನಗೆ ಒಂದು ಗಳಿಗೆ ಅನ್ನಿಸಿದ್ದು, ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ, ಕೂಗಾಡಲಿಲ್ಲ. ನನ್ನ ಕಡೆ ತಿರುಗಿ, ಮುಖವನ್ನು ನಿಧಾನವಾಗಿ ನೋಡಿದಳು. ಹಿಂದಿನ ಪಾಳಿಯವರ ಸಹಿ ನೋಡುವ ನೋಟ ಅದು, ಒಂಬತ್ತು ವರ್ಷದಲ್ಲಿ ಒಮ್ಮೆಯೂ ನನ್ನ ಮೇಲೆ ಬಿದ್ದಿರಲಿಲ್ಲ.

"ಅವರಲ್ಲ ಅಂತ ಅನ್ನಿಸ್ತು ಅಂದ್ರಿ."

"ಹೂಂ."

"ನಾನು ಅಲ್ಲೇ ಇದ್ದೆ. ಗೋಡೆ ಆಚೆ. ಯಾರದು ಅಂತ ಕೇಳಿದೆ ಕೂಡ."

ನಾನು ಸ್ಟೀರಿಂಗ್ ಮೇಲಿನ ಕೈ ತೆಗೆದು ಮಡಿಲಲ್ಲಿಟ್ಟುಕೊಂಡೆ.

"ನಾನು ಹೋಗಿಬಿಟ್ರೆ ಪಾಳಿಯಲ್ಲಿ ನಿಮ್ಮ ಜೊತೆ ಎತ್ತೋಕೆ ಯಾರೂ ಇರಲ್ಲ ಅಂತಾನಾ ಕೊಮಾದ್ರೆ?"

ಅಲ್ಲ ಎಂದೆ. ಆದರೆ ಕೂಡಲೇ ಎನ್ನಲಿಲ್ಲ. ಮೊದಲು ನನ್ನೊಳಗೇ ಒಮ್ಮೆ ಹುಡುಕಿ ನೋಡಬೇಕಾಯಿತು. ಅಷ್ಟು ಹೊತ್ತು ಹಿಡಿದದ್ದನ್ನು ಅವಳು ನೋಡಿದಳು. ಬೆಲ್ಟ್ ಬಿಚ್ಚಿ, ಕಾಲೇಜಿನ ಮುಂದೆಯೇ ಕಾರಿನಿಂದ ಇಳಿದು, ಬಸ್ ನಿಲ್ದಾಣದ ಕಡೆ ನಡೆದಳು.