ಪಾಲಪ್ಪನ ಹೆಬ್ಬೆಟ್ಟು

ಕೊಳಾಲದ ಕಡೆಯ ಪಾಲಪ್ಪನ ಎಡಗೈ ಹೆಬ್ಬೆಟ್ಟಿನ ಗುರುತನ್ನು ನನ್ನಷ್ಟು ಸಲ ನೋಡಿದವರು ಯಾರೂ ಇರಲಾರರು. ನಾನು ಮಧುಗಿರಿಯಲ್ಲಿ ವಕೀಲರ ಗುಮಾಸ್ತ. ಅವನ ಊರಿಂದ ಯಾವ ಮಹಜರು ಬಂದರೂ ಕೆಳಗೆ ಪಂಚನ ಹೆಬ್ಬೆಟ್ಟು ಅವನದೇ. ಪಟೇಲ ಮಹಾಲಿಂಗಯ್ಯ ಹೇಳಿಕಳಿಸಿದರೆ ನೇಗಿಲು ಬಿಟ್ಟು ಹೋಗುತ್ತಿದ್ದ; ಒತ್ತಿ, ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡು ಬರುತ್ತಿದ್ದ. ಓದಿ ಹೇಳಿ ಎನ್ನುವುದು ಪಟೇಲರನ್ನು ಅನುಮಾನಿಸಿದ ಹಾಗೆ, ಮರ್ಯಾದಸ್ಥರು ಹಾಗೆ ಕೇಳುವುದಿಲ್ಲ ಎಂದು ಅವನ ನಂಬಿಕೆ. ಹಾಳು ಮರ್ಯಾದೆ!

ಮಹಾರಾಜರ ಸೀಮೆಯಲ್ಲಿ ಗಂಧದ ಮರ ಯಾರ ಹೊಲದಲ್ಲಿ ಬೆಳೆದರೂ ಸರ್ಕಾರದ್ದು. ಪಾಲಪ್ಪನ ನೆರೆಹೊಲದ ಕದರಪ್ಪನ ಬದುವಿನಲ್ಲಿದ್ದ ಮರವನ್ನು ಪಟೇಲನೇ ಕಡಿಸಿ ಸಾಗಿಸಿದ. ಕೊರಡು ಕದರಪ್ಪನ ಹುಲ್ಲಿನ ಬಣವೆಯಲ್ಲಿ ಪಂಚರೆದುರು ಸಿಕ್ಕಿತೆಂದು ಮಹಜರು ಬರೆಸಿದ. ಕದರಪ್ಪನನ್ನು ಚಾವಡಿಯಲ್ಲಿ ಕೂಡಿಹಾಕಿದ್ದರು. ಅವನ ಕಣ್ಣೆದುರಿಗೇ ಪಾಲಪ್ಪ ಎಂದಿನಂತೆ ಓದಿಸದೆ ಒತ್ತಿ ಹೋದ.

ಕದರಪ್ಪನ ಪರವಾಗಿ ನಿಂತವರು ನಮ್ಮ ವಕೀಲರು. ಸರ್ಕಾರದ ಸಾಕ್ಷಿಯಾಗಿ ಬಂದ ಪಾಲಪ್ಪನೆದುರು ಕೋರ್ಟಿನಲ್ಲಿ ಮಹಜರನ್ನು ಗಟ್ಟಿಯಾಗಿ ಓದಿದರು. ಅದರಲ್ಲೇನಿದೆಯೆಂದು ಅವನು ಕೇಳಿದ್ದು ಅದೇ ಮೊದಲು.

"ಹೆಬ್ಬೆಟ್ಟು ನಂದೇ ಸ್ವಾಮಿ. ಆದ್ರೆ ಬಣವೆತಾವ ನಾನು ಹೋಗೇ ಇಲ್ಲ. ಮರ ಕಡ್ಸಿದ್ದು ಪಟೇಲ್ರು, ಕಣ್ಣಾರೆ ಕಂಡಿವ್ನಿ," ಎಂದುಬಿಟ್ಟ.

ಕದರಪ್ಪ ಬಿಡುಗಡೆಯಾದ. ಪಟೇಲನ ಕೂದಲೂ ಕೊಂಕಲಿಲ್ಲ. ಮೇಲಿನವರಿಗೆ ಅವನು ಬೇಕಾದವನು. ಕೇಸು ಬಿದ್ದದ್ದು ಪಾಲಪ್ಪನ ಮೇಲೆ: ಓದಿಸಿ ಕೇಳಿ ಒಪ್ಪಿದ್ದನ್ನು ಪ್ರಮಾಣ ಮಾಡಿ ಅಲ್ಲಗಳೆದ, ಸುಳ್ಳುಸಾಕ್ಷಿ ನುಡಿದ ಎಂದು. ಚಾವಡಿಯಲ್ಲಿ ಯಾರೂ ಓದಲಿಲ್ಲ ಎಂದು ಕದರಪ್ಪ ಒಂದು ಮಾತು ಹೇಳಿದರೆ ಸಾಕಿತ್ತು, ಪಾಲಪ್ಪ ಉಳಿಯುತ್ತಿದ್ದ. ನಾನೇ ಕದರಪ್ಪನ ಮನೆಗೆ ಹೋಗಿ ಹೇಳಿಬಂದೆ. ಹೂಂ ಎಂದಿದ್ದ.

ಆದರೆ ಅವನು ಬಂದದ್ದು ಪಟೇಲನ ಕಡೆಯ ಸಾಕ್ಷಿಯಾಗಿ. ಪಾಲಪ್ಪನಿಗೆ ಓದಿ ಹೇಳಿದ್ದನ್ನು ಕಂಡೆ ಎಂಬ ಹೇಳಿಕೆಯ ಕೆಳಗೆ ಅವನ ಹೆಬ್ಬೆಟ್ಟಿತ್ತು. ಅದನ್ನು ಗಟ್ಟಿಯಾಗಿ ಓದಿದಾಗ ಅವನೂ ಥಟ್ಟನೆ ತಲೆಯೆತ್ತಿ ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಪಟೇಲ ನಿಂತಿದ್ದ. ಕದರಪ್ಪ ತಲೆ ತಗ್ಗಿಸಿ, "ಹೆಬ್ಬೆಟ್ಟು ನಂದೇ ಸ್ವಾಮಿ," ಎಂದಷ್ಟೇ ಹೇಳಿ ಇಳಿದ. ಪಾಲಪ್ಪನಿಗೆ ಆರು ತಿಂಗಳ ಸಜೆಯಾಯಿತು.

ಅಂದು ಜೈಲಿನ ಬಾಗಿಲಿಗೆ ಕದರಪ್ಪ ರೊಟ್ಟಿ ಗಂಟು ಹಿಡಿದು ಅಳುತ್ತಾ ಬಂದ. ಪಾಲಪ್ಪ ಬೈಯಲಿಲ್ಲ.

"ಒತ್ತಾಕ್ ಮುಂಚೆ ಓದಿ ಯೋಳಿದ್ರೇನ್ಲಾ?" ಎಂದು ಕೇಳಿದ.

"ಇಲ್ಲಣ್ಣ. ಪಟೇಲ್ರನ್ನ ಅಂಗೆಲ್ಲ ಕೇಳಾಕಾಯ್ತದಾ?"

ಅದೂ ದಿಟವೇ ಎಂಬಂತೆ ಪಾಲಪ್ಪ ತಲೆಯಾಡಿಸಿ, ರೊಟ್ಟಿ ತೆಗೆದುಕೊಂಡು ಒಳಗೆ ಹೋದ.